ರಸ್ತೆ ದಾಟುವುದು, ದಾಟಲು ಬಿಡುವುದು: ನಡೆಯುವವರಿಗೂ ಗಾಡಿ ಓಡಿಸುವವರಿಗೂ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವುದಾದರೂ ದೊಡ್ಡ ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಜೀಬ್ರಾ ಪಟ್ಟಿಯ ಹತ್ತಿರ ಕಾಯುತ್ತಿದ್ದವರನ್ನು ಕಂಡು ಒಂದು ಕಾರು ನಿಲ್ಲುತ್ತದೆ. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು ದಾಟುವವರು ತಲೆಯಾಡಿಸಿ ಬಿರುಸಾಗಿ ಹೆಜ್ಜೆ ಹಾಕುತ್ತಾರೆ. ಅಷ್ಟರಲ್ಲಿ ಆ ಕಾರಿನ ಪಕ್ಕದಿಂದ ಒಂದು ಬೈಕು ಸುಯ್ಯನೆ ನುಗ್ಗುತ್ತದೆ. ಬೈಕಿನವನಿಗೆ ದಾಟುವವರು ಕಂಡಿರಲಿಲ್ಲ, ದಾಟುವವರಿಗೆ ಬೈಕು ಕಂಡಿರಲಿಲ್ಲ. ಇಬ್ಬರ ನಡುವೆ ಮರೆಯಾಗಿ ನಿಂತದ್ದು ಆ ಒಳ್ಳೆಯ ಮನುಷ್ಯನ ಕಾರು.

ರಸ್ತೆ ದಾಟುವಾಗ ಎಲ್ಲರೂ ಮೊದಲ ಗಾಡಿಯನ್ನು ನೋಡುತ್ತಾರೆ. ಹೊಡೆಯುವುದು ಬಹಳ ಸಲ ಎರಡನೆಯದು. ಈ ಬರಹದಲ್ಲಿರುವ ಬಹುಪಾಲು ಸಲಹೆಗಳು ಆ ಎರಡನೇ ಗಾಡಿಯ ಸುತ್ತಲೇ ಇವೆ. ನೀವು ನಡೆಯುವವರಾಗಿದ್ದರೆ ಅದನ್ನು ಕಾಣುವುದು ಹೇಗೆ, ಓಡಿಸುವವರಾಗಿದ್ದರೆ ನೀವೇ ಆ ಎರಡನೇ ಗಾಡಿ ಆಗದಿರುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2023ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1.72 ಲಕ್ಷಕ್ಕೂ ಹೆಚ್ಚು. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯಲ್ಲಿದ್ದವರು. ಸತ್ತ ಐವರಲ್ಲಿ ಒಬ್ಬರು ಯಾವ ಗಾಡಿಯನ್ನೂ ಹತ್ತಿರಲಿಲ್ಲ ಎಂದಾಯಿತು.

ಕಾನೂನು ಯಾರ ಕಡೆ?

ನಡೆಯುವವರ ಕಡೆ. ಇದರಲ್ಲಿ ಗೊಂದಲವೇ ಇಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಆಗಲಿ ಪೊಲೀಸರಾಗಲಿ ಇಲ್ಲದ ಪಾದಚಾರಿ ಕ್ರಾಸಿಂಗ್ ಹತ್ತಿರ ಬರುವ ಚಾಲಕ ವೇಗ ತಗ್ಗಿಸಬೇಕು, ನಿಲ್ಲಬೇಕು, ನಡೆಯುವವರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ ಬಿಡಬೇಕು. ಮುಂದೆ ಟ್ರಾಫಿಕ್ ಕಟ್ಟಿಕೊಂಡಿದ್ದು, ಮುಂದುವರಿದರೆ ಪಟ್ಟಿಯ ಮೇಲೆಯೇ ಸಿಕ್ಕಿಕೊಳ್ಳುವಂತಿದ್ದರೆ ಅದರೊಳಗೆ ಗಾಡಿ ತರಲೇಬಾರದು. ಪೊಲೀಸರು ಸೂಚಿಸಿದ ಹೊರತು ಫುಟ್‌ಪಾತ್ ಮೇಲೆ ಗಾಡಿ ಹತ್ತಿಸುವಂತಿಲ್ಲ. ಈ ಕೊನೆಯದನ್ನು ಓದಿ ಎಷ್ಟು ಜನ ಬೈಕ್ ಸವಾರರು ನಗುತ್ತಾರೋ ಗೊತ್ತಿಲ್ಲ, ನಿಯಮವಂತೂ ಇದೆ.

ಅಡಚಣೆಯಿಲ್ಲದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ನಡೆಯುವವರ ಸುರಕ್ಷತೆಗೆ ನಿಯಮ ರೂಪಿಸಿ ಎಂದು ರಾಜ್ಯಗಳಿಗೆ ಆರು ತಿಂಗಳ ಗಡುವನ್ನೂ ಕೊಟ್ಟಿತು. ಹಕ್ಕು ನಿಮ್ಮದು ಎಂಬುದು ಗೊತ್ತಿರಲಿ, ಅದನ್ನು ನಂಬಿ ಕಣ್ಣು ಮುಚ್ಚಿ ರಸ್ತೆಗಿಳಿಯಬೇಡಿ. ಬಿಳಿ ಬಣ್ಣಕ್ಕೆ ಬ್ರೇಕ್ ಇಲ್ಲ.

## ನಡೆಯುವವರಿಗೆ

ಹಂತ 1: ದಾಟುವ ಜಾಗವನ್ನು ಆರಿಸಿಕೊಳ್ಳಿ

ನಿಂತಲ್ಲಿಂದಲೇ ದಾಟುವ ಆಸೆ ಸಹಜ. ಆದರೆ ಐವತ್ತು ಹೆಜ್ಜೆ ಆಚೆ ಸಿಗ್ನಲ್ ಇದ್ದರೆ ಅಲ್ಲಿಗೆ ಹೋಗಿ. ಸಿಗ್ನಲ್ ಇಲ್ಲದಿದ್ದರೆ ಜೀಬ್ರಾ ಪಟ್ಟಿ, ಅದೂ ಇಲ್ಲದಿದ್ದರೆ ಹಂಪ್ ಇರುವ ಜಾಗ. ಪಟ್ಟಿ ಅಳಿಸಿಹೋದ, ಹಂಪ್ ಇಲ್ಲದ ಕ್ರಾಸಿಂಗಿಗಿಂತ, ಪಟ್ಟಿಯಿಲ್ಲದಿದ್ದರೂ ಹಂಪ್ ಇರುವ ಜಾಗವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬಣ್ಣ ನೋಡಿ ನಿಧಾನ ಮಾಡದವನೂ ಹಂಪ್ ನೋಡಿ ಮಾಡುತ್ತಾನೆ.

ಯಾವುದೂ ಇಲ್ಲದ ರಸ್ತೆಯಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಂದ ನನಗೆ ಎರಡೂ ಕಡೆ ದೂರದವರೆಗೆ ಕಾಣುತ್ತದೆಯೇ, ಬರುವವರಿಗೆ ನಾನು ಕಾಣುತ್ತೇನೆಯೇ? ತಿರುವಿನ ಹತ್ತಿರ, ಫ್ಲೈಓವರ್ ಇಳಿಯುವಲ್ಲಿ, ಏರು ಮುಗಿದು ಇಳಿಜಾರು ಶುರುವಾಗುವಲ್ಲಿ, ಸಾಲಾಗಿ ನಿಲ್ಲಿಸಿದ ಟೆಂಪೊಗಳ ನಡುವೆ, ಕಸದ ಲಾರಿಯ ಹಿಂದೆ ದಾಟಬೇಡಿ. ನಿಲ್ಲಿಸಿದ ಗಾಡಿಗಳ ನಡುವೆಯೇ ದಾಟುವ ಅನಿವಾರ್ಯ ಬಂದರೆ, ಗಾಡಿಗಳ ಹೊರ ಅಂಚಿನವರೆಗೆ ಬಂದು ಅಲ್ಲಿ ಮತ್ತೊಮ್ಮೆ ಪೂರ್ತಿ ನಿಲ್ಲಿ. ಆ ಅಂಚೇ ನಿಮ್ಮ ಫುಟ್‌ಪಾತ್ ಎಂದುಕೊಂಡು, ನೋಡುವ ಕೆಲಸವನ್ನು ಅಲ್ಲಿಂದ ಶುರುಮಾಡಿ.

ಇನ್ನು ಸ್ಕೈವಾಕ್. ಲಿಫ್ಟ್ ಕೆಲಸ ಮಾಡುತ್ತಿದ್ದರೆ, ದೀಪ ಉರಿಯುತ್ತಿದ್ದರೆ ಬಳಸಿ. ಸಿಗ್ನಲ್ ಇಲ್ಲದ ಅಗಲವಾದ ರಸ್ತೆಯಲ್ಲಿ ಅದೇ ಸುರಕ್ಷಿತ. ಆದರೆ ಮಂಡಿನೋವಿನ ಅಜ್ಜಿ ಮೂರು ಡಜನ್ ಮೆಟ್ಟಿಲು ಹತ್ತಿ ಇಳಿಯಲಿಲ್ಲ ಎಂದು ಬೈಯುವವರ ಜೊತೆ ನಾನಿಲ್ಲ. ಸ್ಕೈವಾಕ್ ಕಟ್ಟುವುದು ನಡೆಯುವವರ ಅನುಕೂಲಕ್ಕಿಂತ ಗಾಡಿಗಳು ನಿಲ್ಲದಿರಲಿ ಎಂದೇ ಹೆಚ್ಚು. ಹತ್ತಲಾಗದವರು ಮುಂದಿನ ಸಿಗ್ನಲ್‌ವರೆಗೆ ನಡೆಯುವುದು ಕಷ್ಟವೇ, ಆದರೂ ಡಿವೈಡರಿನ ಮುರಿದ ಗ್ರಿಲ್ ನಡುವೆ ನುಸುಳುವುದಕ್ಕಿಂತ ಮೇಲು.

ಹಂತ 2: ಎಷ್ಟು ಖಾಲಿ ಜಾಗ ಬೇಕು ಎಂದು ಲೆಕ್ಕ ಹಾಕಿ

"ಗಾಡಿ ಇನ್ನೂ ದೂರ ಇದೆ" ಎಂಬ ಅಂದಾಜು ಬಹಳ ಸಲ ಕೈಕೊಡುತ್ತದೆ. ನೇರವಾಗಿ ನಮ್ಮ ಕಡೆಗೇ ಬರುತ್ತಿರುವ ವಸ್ತುವಿನ ವೇಗವನ್ನು ಕಣ್ಣು ಸರಿಯಾಗಿ ಅಳೆಯಲಾರದು. ಬೈಕು ಸಣ್ಣದಾಗಿ ಕಾಣುವುದರಿಂದ ಇದ್ದದ್ದಕ್ಕಿಂತ ದೂರವೂ ನಿಧಾನವೂ ಅನ್ನಿಸುತ್ತದೆ. ಹಾಗಾಗಿ ಒಂದು ಸಲ ಕೂತು ಲೆಕ್ಕ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಸಿಗ್ನಲ್ ವಿನ್ಯಾಸ ಮಾಡುವ ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿಯುತ್ತಾರೆ. ಎರಡು ಲೇನಿನ ಸಾಧಾರಣ ರಸ್ತೆ 7 ಮೀಟರ್ ಅಗಲ. ದಾಟಲು ಸುಮಾರು 6 ಸೆಕೆಂಡ್ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಆ 6 ಸೆಕೆಂಡಿನಲ್ಲಿ 80 ಮೀಟರ್‌ಗಿಂತ ಹೆಚ್ಚು ದೂರ ಬಂದಿರುತ್ತದೆ. ಇಳಿಯಲೋ ಬೇಡವೋ ಎಂದು ಅನುಮಾನಿಸುವ ಒಂದು ಸೆಕೆಂಡ್ ಸೇರಿಸಿದರೆ ನಿಮಗೆ ಬೇಕಾದದ್ದು ಸುಮಾರು 100 ಮೀಟರ್ ಖಾಲಿ ರಸ್ತೆ. ಕಣ್ಣಳತೆಗೆ ಹೇಳುವುದಾದರೆ ಒಂದರ ಹಿಂದೊಂದು ಎಂಟು ಬಿಎಂಟಿಸಿ ಬಸ್ಸು ನಿಲ್ಲಿಸುವಷ್ಟು ಉದ್ದ.

ಹಿರಿಯರ ನಡಿಗೆ ಸೆಕೆಂಡಿಗೆ 0.8 ಮೀಟರ್ ಎಂದಿಟ್ಟುಕೊಳ್ಳಿ. ಅದೇ ರಸ್ತೆಗೆ 9 ಸೆಕೆಂಡ್ ಬೇಕು, ಖಾಲಿ ಜಾಗ 120 ಮೀಟರ್ ದಾಟುತ್ತದೆ. ಡಿವೈಡರ್ ಇಲ್ಲದ 14 ಮೀಟರ್ ರಸ್ತೆಯನ್ನು ಒಂದೇ ಉಸಿರಿಗೆ ದಾಟಲು ಗಟ್ಟಿಮುಟ್ಟಾದವರಿಗೂ 12 ಸೆಕೆಂಡ್ ಬೇಕು. ಅಷ್ಟು ದೊಡ್ಡ ಖಾಲಿ ಜಾಗ ಹಗಲಿನಲ್ಲಿ ಸಿಗುವುದೇ ಅಪರೂಪ. ಸಿಗ್ನಲ್ ಇಲ್ಲದ ಅಂಥ ರಸ್ತೆಯನ್ನು ಒಬ್ಬರೇ ದಾಟದೆ, ನಾಲ್ಕೈದು ಜನ ಸೇರುವವರೆಗೆ ಕಾಯುವ ನಮ್ಮೂರಿನ ರೂಢಿಯಲ್ಲಿ ಅರ್ಥವಿದೆ. ಗುಂಪು ದೂರದಿಂದಲೇ ಕಾಣುತ್ತದೆ.

ರಸ್ತೆಯ ಅಗಲ ತಿಳಿಯಲು ಟೇಪು ಬೇಕಿಲ್ಲ. ನಿಯಮದ ಪ್ರಕಾರ ಬಳಿದಿದ್ದರೆ ಜೀಬ್ರಾದ ಪ್ರತಿ ಬಿಳಿ ಪಟ್ಟಿ ಅರ್ಧ ಮೀಟರ್, ನಡುವಿನ ಕಪ್ಪು ಅರ್ಧ ಮೀಟರ್. ಬಿಳಿ ಪಟ್ಟಿಗಳನ್ನು ಎಣಿಸಿದರೆ ಹೆಚ್ಚೂಕಡಿಮೆ ಅಷ್ಟೇ ಮೀಟರ್ ರಸ್ತೆ. ಏಳು ಪಟ್ಟಿ ಅಂದರೆ ಆರು ಸೆಕೆಂಡ್. ಮಕ್ಕಳಿಗೆ ಇದನ್ನು ಆಟವಾಗಿ ಕಲಿಸಬಹುದು.

ಹಂತ 3: ಇಳಿಯುವ ಮುನ್ನ

ಫೋನ್ ಜೇಬಿಗೆ, ಇಯರ್‌ಫೋನ್ ಒಂದಾದರೂ ಕಿವಿಯಿಂದ ಹೊರಗೆ. ಎಲೆಕ್ಟ್ರಿಕ್ ಸ್ಕೂಟರುಗಳು ಹೆಚ್ಚಾದ ಮೇಲೆ ಕಿವಿಯನ್ನು ಪೂರ್ತಿ ನಂಬುವ ಕಾಲ ಹೋಯಿತು. ಅವು ಪಕ್ಕಕ್ಕೆ ಬರುವವರೆಗೂ ಸದ್ದೇ ಇರುವುದಿಲ್ಲ.

ಫುಟ್‌ಪಾತಿನ ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಚಲಿಸುವುದರಿಂದ ಮೊದಲ ಅಪಾಯ ಬಲದಿಂದ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ. ಒನ್‌ವೇ ಆಗಿದ್ದರೂ ಎರಡೂ ಕಡೆ ನೋಡಿ. ಒನ್‌ವೇ ಬೋರ್ಡು ಇರುವುದು ಓದಿದವರಿಗೆ, ಡೆಲಿವರಿಗೆ ತಡವಾದವರಿಗಲ್ಲ. ಡಿವೈಡರ್ ಪಕ್ಕದಲ್ಲಿ, ಫುಟ್‌ಪಾತ್ ಅಂಚಿನಲ್ಲಿ ಎದುರು ದಿಕ್ಕಿನಿಂದ ಬರುವ ಬೈಕು ನಮ್ಮ ಊರುಗಳ ಖಾಯಂ ದೃಶ್ಯ. ಅಮೆರಿಕದಿಂದಲೋ ಜರ್ಮನಿಯಿಂದಲೋ ರಜೆಗೆ ಬಂದ ನಮ್ಮವರು ಮೊದಲ ಕೆಲವು ದಿನ ಇನ್ನಷ್ಟು ಹುಷಾರಾಗಿರಬೇಕು. ಅಲ್ಲಿನ ಅಭ್ಯಾಸದಲ್ಲಿ ಕತ್ತು ಮೊದಲು ಎಡಕ್ಕೇ ಹೊರಳುತ್ತದೆ.

ಕೈ ಎತ್ತಿ. ಅಂಗೈ ಬರುವ ಗಾಡಿಯ ಕಡೆ ತೋರಿಸಿ, ಭುಜದ ಎತ್ತರಕ್ಕೆ, ಗಟ್ಟಿಯಾಗಿ. ಇದಕ್ಕೆ ನಾಚಿಕೊಳ್ಳಬೇಕಿಲ್ಲ. ಚಾಲಕನಿಗೆ "ಇವರು ಈಗ ಇಳಿಯುತ್ತಾರೆ" ಎಂಬ ಸ್ಪಷ್ಟ ಸೂಚನೆ ಸಿಗುತ್ತದೆ. ಆಮೇಲೆ ಅವನ ಮುಖ ನೋಡಿ. ಮುಖ ಕಾಣದಿದ್ದರೆ, ಅಂದರೆ ಗಾಜಿನಲ್ಲಿ ಬಿಸಿಲು ಹೊಳೆಯುತ್ತಿದ್ದರೆ, ಚಕ್ರ ನೋಡಿ. ಚಕ್ರ ತಿರುಗುವುದು ನಿಂತರೆ ಗಾಡಿ ನಿಂತಿದೆ. ನಿಧಾನವಾಯಿತು ಎಂಬುದಕ್ಕೂ ನಿಂತಿತು ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಹೆಡ್‌ಲೈಟ್ ಮಿಣುಕಿಸಿದರೆ ದಾರಿ ಬಿಟ್ಟರು ಎಂದು ಓದಿಕೊಳ್ಳಬೇಡಿ. ನಮ್ಮಲ್ಲಿ ಅದರ ಅರ್ಥ ಬಹುಮಟ್ಟಿಗೆ "ನಾನು ಬಂದೆ, ನೀನು ನಿಲ್ಲು" ಎಂದೇ.

ಹಂತ 4: ರಸ್ತೆಯನ್ನಲ್ಲ, ಸಾಲುಗಳನ್ನು ದಾಟಿ

ಎಲ್ಲಕ್ಕಿಂತ ಮುಖ್ಯ ಹಂತ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲ ಸಾಲಿನ ಕಾರು ನಿಂತಿತು. ಇಳಿಯಿರಿ. ಕಾರಿನ ಮೂತಿಗೆ ಅಂಟಿಕೊಂಡು ನಡೆಯಬೇಡಿ, ಸಾಧ್ಯವಾದಷ್ಟು ಅಂತರ ಬಿಟ್ಟು ನಡೆಯಿರಿ. ಅಂತರ ಹೆಚ್ಚಿದಷ್ಟೂ ಪಕ್ಕದ ಸಾಲು ನಿಮಗೆ ಬೇಗ ಕಾಣುತ್ತದೆ. ಕಾರಿನ ಆಚೆಯ ಹೆಡ್‌ಲೈಟಿನ ನೇರಕ್ಕೆ ಬಂದ ಕೂಡಲೇ ನಿಲ್ಲಿ. ಎರಡನೇ ಸಾಲಿಗೆ ಕಾಲಿಡುವ ಮುನ್ನ ತಲೆ ಮಾತ್ರ ಮುಂದೆ ಚಾಚಿ ಇಣುಕಿ. ಅಲ್ಲಿ ಬೈಕು ಬರುತ್ತಿದ್ದರೆ ನೀವು ಕಾರಿನ ಮುಂದೆ ಸುರಕ್ಷಿತವಾಗಿದ್ದೀರಿ. ಅದು ಹೋಗಲಿ, ಅಥವಾ ನಿಲ್ಲಲಿ. ಆಮೇಲೆ ಮುಂದಿನ ಸಾಲು. ಹಿಂದಿನಿಂದ ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ನಿಂತದ್ದು ಕಾರಲ್ಲ, ಬಸ್ಸೋ ಲಾರಿಯೋ ಆದರೆ ಇಣುಕುವುದು ಇನ್ನೂ ಅಗತ್ಯ. ಕಾರಿನ ಗಾಜಿನ ಮೂಲಕ ಆಚೆ ಬರುವ ಗಾಡಿಯ ಸುಳಿವಾದರೂ ಸಿಗುತ್ತದೆ, ಬಸ್ಸಿನ ಆಚೆ ಏನೂ ಕಾಣದು. ಜೊತೆಗೆ ದೊಡ್ಡ ಗಾಡಿಯ ಚಾಲಕನಿಗೆ ತನ್ನ ಮೂತಿಯ ಕೆಳಗಿನ ಜಾಗವೇ ಕಾಣಿಸುವುದಿಲ್ಲ. ಲಾರಿಗೆ ಒಂದು ಮಾರು ಹತ್ತಿರದಲ್ಲಿ ನಡೆಯುವ ಮಗುವಾಗಲಿ ಕುಳ್ಳಗಿನವರಾಗಲಿ ಅವನ ಪಾಲಿಗೆ ಇಲ್ಲವೇ ಇಲ್ಲ.

ಓಡಬೇಡಿ. ಓಡುವವರು ಎಡವುತ್ತಾರೆ, ಚಪ್ಪಲಿ ಜಾರುತ್ತದೆ. ಓಡುವಾಗ ಇಣುಕಲು ನಿಲ್ಲುವುದೂ ಆಗುವುದಿಲ್ಲ. ನಡುರಸ್ತೆಯಲ್ಲಿ ಗಾಬರಿಯಾಗಿ ಹಿಂದಕ್ಕೆ ತಿರುಗುವುದು ಇನ್ನೂ ಅಪಾಯ. ನೀವು ಮುಂದೆ ಹೋಗುತ್ತೀರಿ ಎಂದು ಎಣಿಸಿ ಬೈಕಿನವನು ನಿಮ್ಮ ಬೆನ್ನ ಹಿಂದಿನಿಂದ ಹಾಯಲು ಹ್ಯಾಂಡಲ್ ತಿರುಗಿಸಿರುತ್ತಾನೆ. ಸಿಕ್ಕಿಕೊಂಡರೆ ಇದ್ದಲ್ಲೇ ಅಲುಗಾಡದೆ ನಿಲ್ಲಿ. ನಿಂತ ಮನುಷ್ಯನನ್ನು ಬಳಸಿ ಹೋಗುವುದು ಸುಲಭ, ಅತ್ತಿತ್ತ ಹಾರುವವನನ್ನು ಬಳಸುವುದು ಕಷ್ಟ.

ಹಂತ 5: ಡಿವೈಡರಿನಲ್ಲಿ ಹೊಸದಾಗಿ ಶುರುಮಾಡಿ

ಡಿವೈಡರ್ ತಲುಪಿದರೆ ಒಂದು ರಸ್ತೆ ಮುಗಿಯಿತು. ಆಚೆಯದು ಬೇರೆಯೇ ರಸ್ತೆ, ಅಲ್ಲಿ ಗಾಡಿ ಎಡದಿಂದ ಬರುತ್ತದೆ. ಮತ್ತೆ ನಿಂತು, ಎಡ, ಬಲ, ಎಡ. ಬಟ್ಟೆಯಂಗಡಿಯ ಚೀಲ, ಮಗುವಿನ ತಳ್ಳುಗಾಡಿ ಡಿವೈಡರಿನಿಂದ ಹೊರಗೆ ಚಾಚದಂತೆ ನೋಡಿಕೊಳ್ಳಿ.

ಹುಬ್ಬಳ್ಳಿ–ಧಾರವಾಡದವರಿಗೆ ಒಂದು ಮಾತು. ಅಲ್ಲಿ ಚಿಗರಿ ಬಸ್ಸಿನ ಪಥ ರಸ್ತೆಯ ನಡುವೆಯೇ ಇದೆ, ನಿಲ್ದಾಣವೂ ನಡುವೆಯೇ. ಬದಿಯ ರಸ್ತೆಯಲ್ಲಿ ಗಿಜಿಗಿಜಿ ಟ್ರಾಫಿಕ್ ದಾಟಿ ಬಂದವರಿಗೆ ಖಾಲಿ ಬಸ್ ಪಥ ಕಂಡಾಗ ಮೈ ಸಡಿಲವಾಗುತ್ತದೆ. ಖಾಲಿ ಇರುವುದರಿಂದಲೇ ಅಲ್ಲಿ ಬಸ್ಸು ಜೋರಾಗಿ ಬರುತ್ತದೆ, ಅದೂ ಎರಡು ದಿಕ್ಕಿನಿಂದ.

ಸಿಗ್ನಲ್ ಇರುವಲ್ಲಿ

ಹಸಿರು ಮನುಷ್ಯ ಸ್ಥಿರವಾಗಿ ಉರಿಯುತ್ತಿದ್ದರೆ ಹೊರಡಿ. ಮಿಣುಕಲು ಶುರುವಾದರೆ ಹೊಸದಾಗಿ ಇಳಿಯಬೇಡಿ, ಆಗಲೇ ಇಳಿದವರು ದಾಟಿ ಮುಗಿಸಿ. ಕೆಂಪು ಇದ್ದರೆ ಕಾಯಿರಿ. ಒತ್ತುವ ಗುಂಡಿ ಇರುವ ಕಡೆ ಒಂದು ಸಲ ಒತ್ತಿ ಕಾದರೆ ಸಾಕು, ಹತ್ತು ಸಲ ಒತ್ತಿದರೆ ಬೇಗ ಬರುವುದಿಲ್ಲ.

ಪಾದಚಾರಿ ದೀಪವೇ ಇಲ್ಲದ ಸಿಗ್ನಲ್‌ಗಳು ಬೇಕಾದಷ್ಟಿವೆ. ಅಲ್ಲಿ ನಿಮ್ಮೆದುರಿನ ಗಾಡಿಗಳಿಗೆ ಕೆಂಪು ಬಿದ್ದಿದೆಯೇ ಎಂಬುದಷ್ಟೇ ಸಾಲದು, ಬೇರೆ ಯಾವ ಕಡೆಯವರಿಗೆ ಹಸಿರು ಸಿಕ್ಕಿದೆ, ಅವರು ನಿಮ್ಮ ಪಟ್ಟಿಯ ಕಡೆ ತಿರುಗಬಹುದೇ ಎಂದು ನೋಡಿ. ಕೆಂಪು ಬಿದ್ದ ಕ್ಷಣದಲ್ಲೇ ಇಳಿಯಬೇಡಿ. ಹಳದಿಯಲ್ಲಿ ನುಗ್ಗಿದ ಕೊನೆಯ ಗಾಡಿಗೆ ಎರಡು ಸೆಕೆಂಡ್ ಕೊಡಿ. ಟೈಮರ್ ಇರುವಲ್ಲಿ ಕೊನೆಯ ಐದು ಸೆಕೆಂಡನ್ನು ನಂಬಬೇಡಿ. "3" ಕಂಡಾಗಲೇ ನಮ್ಮವರ ಕ್ಲಚ್ ಬಿಟ್ಟಾಗಿರುತ್ತದೆ. ಫ್ರೀ ಲೆಫ್ಟ್ ಇರುವ ಮೂಲೆಯಲ್ಲಿ ಯಾವ ಬಣ್ಣವೂ ನಿಮ್ಮನ್ನು ಕಾಯುವುದಿಲ್ಲ. ಅದನ್ನು ಸಿಗ್ನಲ್ ಇಲ್ಲದ ರಸ್ತೆ ಎಂದೇ ತಿಳಿದು ದಾಟಿ.

ಬಸ್ಸಿನಿಂದ ಇಳಿದ ಮೇಲೆ

ಬಸ್ಸಿನ ಮುಂದಿನಿಂದ ದಾಟಬೇಡಿ, ಹಿಂದಿನಿಂದಲೂ ತಕ್ಷಣ ದಾಟಬೇಡಿ. ಬಸ್ಸು ಹೋಗಲಿ. ಅರ್ಧ ನಿಮಿಷದಲ್ಲಿ ಇಡೀ ರಸ್ತೆ ಕಣ್ಣಿಗೆ ಬೀಳುತ್ತದೆ. ಶಾಲೆ ಬಸ್ಸಿನಿಂದ ಮಗುವನ್ನು ಇಳಿಸಿಕೊಳ್ಳಲು ಹೋಗುವ ಪೋಷಕರು ಮಗು ಇಳಿಯುವ ಕಡೆಯೇ ನಿಂತಿರಬೇಕು. ಎದುರು ಬದಿಯಿಂದ "ಬಾ ಪುಟ್ಟಾ" ಎಂದು ಕರೆದರೆ ಮಗು ರಸ್ತೆಯನ್ನು ನೋಡುವುದಿಲ್ಲ, ನಿಮ್ಮನ್ನು ನೋಡುತ್ತದೆ.

ಮಕ್ಕಳು, ಹಿರಿಯರು, ಬಿಳಿ ಕೋಲು ಹಿಡಿದವರು

ಒಂಬತ್ತು–ಹತ್ತು ವರ್ಷದವರೆಗೆ ಮಕ್ಕಳಿಗೆ ವೇಗ–ದೂರದ ಅಂದಾಜು ಕೂಡಿಬರುವುದಿಲ್ಲ, ಎಷ್ಟೇ ಚುರುಕಾಗಿದ್ದರೂ. ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಗಾಡಿ ಬರುವ ಬದಿಗೆ ನೀವು, ಆಚೆ ಬದಿಗೆ ಮಗು. ಡಿವೈಡರ್ ದಾಟಿದ ಮೇಲೆ ಬದಿ ಬದಲಾಯಿಸುವುದನ್ನು ಮರೆಯಬೇಡಿ.

ಕಣ್ಣು ಕಾಣದವರಿಗೆ ನೆರವಾಗುವಾಗ ಮೊದಲು ಕೇಳಿ. ದಾಟುವ ಉದ್ದೇಶವೇ ಇಲ್ಲದೆ ಬಸ್ಸಿಗೆ ಕಾಯುತ್ತಿರುವವರನ್ನು ಎಳೆದೊಯ್ದು ಆಚೆ ಬಿಡುವ ಉಪಕಾರಿಗಳಿದ್ದಾರೆ. ಹೌದು ಎಂದರೆ ಅವರ ಕೈ ಹಿಡಿದು ಎಳೆಯದೆ ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು, ಗುಂಡಿ, ಡಿವೈಡರ್ ಬಂದಾಗ ಬಾಯಲ್ಲಿ ಹೇಳಿ.

ಕತ್ತಲು ಮತ್ತು ಮಳೆ

ರಾತ್ರಿ ನಿಮಗೆ ಹೆಡ್‌ಲೈಟ್ ಚೆನ್ನಾಗಿ ಕಾಣುತ್ತದೆ ಎಂದಮಾತ್ರಕ್ಕೆ ಆ ಗಾಡಿಯವನಿಗೆ ನೀವು ಕಂಡಿದ್ದೀರಿ ಎಂದಲ್ಲ. ಬೀದಿದೀಪದ ಕೆಳಗೇ ದಾಟಿ. ದೀಪವಿಲ್ಲದ ಕಡೆ ಮೊಬೈಲ್ ಟಾರ್ಚ್ ಹೊತ್ತಿಸಿ ಕೆಳಮುಖವಾಗಿ ಆಡಿಸುತ್ತಾ ನಡೆಯಿರಿ, ಅಲುಗುವ ಬೆಳಕು ಬೇಗ ಗಮನ ಸೆಳೆಯುತ್ತದೆ. ಬೆಳಗಿನ ಜಾವ ವಾಕಿಂಗ್ ಹೋಗುವವರು ಕಪ್ಪು ಜಾಕೆಟ್ ಮನೆಯಲ್ಲೇ ಬಿಡಲಿ. ಮಳೆಯಲ್ಲಿ ಕೊಡೆಯನ್ನು ಗಾಳಿಗೆ ಎದುರಾಗಿ ವಾಲಿಸಿದರೆ ಅರ್ಧ ರಸ್ತೆ ಮರೆಯಾಗುತ್ತದೆ. ದಾಟುವಷ್ಟು ಹೊತ್ತು ಮೇಲಕ್ಕೆತ್ತಿ, ನೆನೆದರೂ ಸರಿ.

ಹೆದ್ದಾರಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಬದಿಯ ಮೂರು ಲೇನ್ ದಾಟಲು ಬೇಕಾಗುವ 9 ಸೆಕೆಂಡಿನಲ್ಲಿ ಕಾರು ಕಾಲು ಕಿಲೋಮೀಟರ್ ಬಂದಿರುತ್ತದೆ, ಅದೂ ಮಿತಿಯೊಳಗಿದ್ದರೆ. ಆಚೆ ಹೊಲ, ಈಚೆ ಮನೆ ಇರುವ ಊರಿನವರ ಕಷ್ಟ ನಿಜವಾದದ್ದೇ. ಆದರೂ ಅಲ್ಲಿ ಬೇಲಿ ಹಾರಿ ದಾಟುವುದಕ್ಕೆ ಸುರಕ್ಷಿತ ವಿಧಾನ ಎಂಬುದೇ ಇಲ್ಲ. ಅಂಡರ್‌ಪಾಸ್ ಅಥವಾ ಮೇಲ್ಸೇತುವೆ, ಇವೆರಡೇ ದಾರಿ. ಕರಾವಳಿಯ ಹೆದ್ದಾರಿ 66ರಂಥ, ಬದಿಯಲ್ಲಿ ಊರೂ ಬಸ್‌ಸ್ಟಾಪೂ ಇರುವ ನಾಲ್ಕು ಪಥದ ರಸ್ತೆಯಲ್ಲಿ ಡಿವೈಡರ್ ತೆರೆದಿರುವ ಕಡೆ ಯೂ–ಟರ್ನ್ ಗಾಡಿಗಳೂ ಸೇರಿಕೊಳ್ಳುತ್ತವೆ. ಅವುಗಳ ಮರೆಯಲ್ಲಿ ದಾಟಬೇಡಿ.

## ಓಡಿಸುವವರಿಗೆ

ಹಂತ 1: ಕೆಲಸ ಪಟ್ಟಿಗಿಂತ ಐವತ್ತು ಮೀಟರ್ ಹಿಂದೆಯೇ ಶುರು

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯಲ್ಲಿ, ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಎಂದು ಹಿಡಿದರೆ, ಗಾಡಿ ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ಬೇಕು. 50ರಲ್ಲಿ 28 ಮೀಟರ್. 60ರಲ್ಲಿ 37. ಈ ಅಂಕಿಗಳಲ್ಲಿ ಒಂದು ಭಯಾನಕ ಸಂಗತಿ ಅಡಗಿದೆ: 30ರಲ್ಲಿ ಬಂದವನು ಎಲ್ಲಿ ಪೂರ್ತಿ ನಿಂತನೋ, 50ರಲ್ಲಿ ಬಂದವನು ಆ ಜಾಗ ತಲುಪಿದಾಗ ಇನ್ನೂ ಬ್ರೇಕ್ ಒತ್ತಿಯೇ ಇರುವುದಿಲ್ಲ. ಆ ಮೊದಲ ಸೆಕೆಂಡಿನಲ್ಲೇ 14 ಮೀಟರ್ ಕಳೆದಿರುತ್ತದೆ. ಅಂದರೆ ಅದೇ ಮಗುವಿಗೆ ಒಂದು ಗಾಡಿ ತಾಗುವುದೇ ಇಲ್ಲ, ಇನ್ನೊಂದು ಪೂರ್ತಿ 50ರಲ್ಲಿ ಹೊಡೆಯುತ್ತದೆ. ಮಳೆಯಲ್ಲಿ ಈ ದೂರ ಇನ್ನೂ ಬೆಳೆಯುತ್ತದೆ.

ಆದ್ದರಿಂದ ಪಟ್ಟಿಯೋ ಬೋರ್ಡೋ ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಯಾರೂ ಕಾಣದಿದ್ದರೂ. ಶಾಲೆ, ಆಸ್ಪತ್ರೆ, ಮಾರುಕಟ್ಟೆ, ದೇವಸ್ಥಾನ, ಬಸ್‌ಸ್ಟಾಪ್ ಹತ್ತಿರ ಪಟ್ಟಿಯೇ ಇಲ್ಲದಿದ್ದರೂ ಇದೆ ಎಂದುಕೊಂಡು ಓಡಿಸಿ.

ಹಂತ 2: ನಿಲ್ಲುವುದನ್ನು ಹಿಂದಿನವರಿಗೆ ತಿಳಿಸಿ

"ನಿಲ್ಲಿಸಿದರೆ ಹಿಂದಿನವನು ಗುದ್ದುತ್ತಾನೆ" ಎಂಬುದು ನಿಲ್ಲದವರೆಲ್ಲರ ಸಮಜಾಯಿಷಿ. ಭಯ ಸುಳ್ಳಲ್ಲ, ಪರಿಹಾರವೂ ಇದೆ. ಕನ್ನಡಿ ನೋಡಿ. ಬೇಗನೆ ಹಗುರವಾಗಿ ಎರಡು ಸಲ ಬ್ರೇಕ್ ಮುಟ್ಟಿ, ಹಿಂದಿನ ಕೆಂಪು ದೀಪ ಎರಡು ಸಲ ಹೊಳೆಯಲಿ. ಆಮೇಲೆ ನಿಧಾನವಾಗಿ ನಿಲ್ಲಿ. ಬೈಕ್, ಆಟೊದವರು ಬಲಗೈ ಹೊರಚಾಚಿ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವ ಹಳೆಯ ಸಂಜ್ಞೆ ಇವತ್ತಿಗೂ ಎಲ್ಲರಿಗೂ ಅರ್ಥವಾಗುತ್ತದೆ.

ಹಂತ 3: ಪಟ್ಟಿಗೆ ಅಂಟಿಕೊಳ್ಳದೆ ಹಿಂದೆ ನಿಲ್ಲಿ

ಸ್ಟಾಪ್ ಲೈನ್ ಇದ್ದರೆ ಅದರ ಹಿಂದೆ, ಇಲ್ಲದಿದ್ದರೆ ಪಟ್ಟಿಗಿಂತ ಎರಡು ಮೂರು ಮೀಟರ್ ಹಿಂದೆ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ನೀವು ಹಿಂದೆ ನಿಂತಷ್ಟೂ ನಿಮ್ಮ ಗಾಡಿಯ ಮರೆ ಕಡಿಮೆಯಾಗುತ್ತದೆ, ಪಕ್ಕದ ಸಾಲಿನಲ್ಲಿ ಬರುವವನಿಗೆ ದಾಟುವವರು ಬೇಗ ಕಾಣುತ್ತಾರೆ. ಬಸ್ ಚಾಲಕರು ಇದನ್ನು ಪಾಲಿಸಿದರೆ ಸಿಗುವ ಪ್ರಯೋಜನ ಎಲ್ಲರಿಗಿಂತ ಹೆಚ್ಚು.

ನಿಂತ ಮೇಲೆ "ಹೋಗಿ ಹೋಗಿ" ಎಂದು ಕೈ ಬೀಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೀರಿ, ಆದರೆ ಪಕ್ಕದ ಸಾಲಿನ ಜವಾಬ್ದಾರಿ ನೀವು ಹೊರಲಾರಿರಿ. ನಿಮ್ಮ ಕೈ ನೋಡಿ ಅವರು ಇಣುಕದೆ ಹೆಜ್ಜೆ ಹಾಕುತ್ತಾರೆ. ನಿಲ್ಲಿ, ಸುಮ್ಮನಿರಿ, ಅವರೇ ನೋಡಿಕೊಂಡು ದಾಟಲಿ. ಎಂಜಿನ್ ರೇಸ್ ಮಾಡುತ್ತಾ ಇಂಚಿಂಚು ಮುಂದೆ ಸರಿಯುವ ಚಟವನ್ನೂ ಬಿಡಿ, ಕೊನೆಯವರು ನಿಮ್ಮ ಗಾಡಿಯ ಅಗಲ ದಾಟುವವರೆಗೆ.

ಹಂತ 4: ನಿಂತ ಗಾಡಿಯನ್ನು ಹಿಂದಿಕ್ಕಬೇಡಿ

ಪಟ್ಟಿಯ ಹತ್ತಿರ ಮುಂದಿನ ಗಾಡಿ ಯಾಕೋ ನಿಂತಿದೆ. ಕೆಟ್ಟು ನಿಂತಿರಬಹುದು, ಫೋನ್ ಬಂದಿರಬಹುದು, ಯಾರನ್ನಾದರೂ ಇಳಿಸುತ್ತಿರಬಹುದು. ನಿಮಗೆ ಕಾರಣ ಗೊತ್ತಾಗುವವರೆಗೆ ಒಂದೇ ಕಾರಣವನ್ನು ಊಹಿಸಿ: ಅದರ ಮುಂದೆ ಯಾರೋ ದಾಟುತ್ತಿದ್ದಾರೆ. ಬೈಕ್ ಸವಾರರೇ, ಈ ಒಂದು ಪ್ಯಾರಾ ನಿಮಗಾಗಿಯೇ. ನಿಂತ ಬಸ್ಸಿನ ಎಡಕ್ಕೆ ನುಸುಳಿದರೆ ಇಳಿಯುತ್ತಿರುವ ಪ್ರಯಾಣಿಕರು, ಬಲಕ್ಕೆ ನುಸುಳಿದರೆ ಮುಂದಿನಿಂದ ದಾಟುತ್ತಿರುವವರು. ಬಸ್ಸಿನ ಮೂತಿ ದಾಟುವಾಗ ನಡೆಯುವ ವೇಗಕ್ಕೆ ಇಳಿಸಿ, ಎರಡೂ ಬ್ರೇಕಿನ ಮೇಲೆ ಬೆರಳಿರಲಿ. ಬಿದ್ದರೆ ಪೆಟ್ಟಾಗುವುದು ದಾಟುವವರಿಗಷ್ಟೇ ಅಲ್ಲ, ನಿಮಗೂ.

ಹಂತ 5: ತಿರುಗುವಾಗ

ಎಡಕ್ಕೆ ತಿರುಗುವ ಚಾಲಕ ಬಲಕ್ಕೆ ನೋಡುತ್ತಿರುತ್ತಾನೆ, ಗಾಡಿ ಬರುತ್ತಿದೆಯೇ ಎಂದು. ದಾಟುವವರು ಎಡಗಡೆ ಅವನ ಬಂಪರ್ ಮುಂದೆಯೇ ಇರುತ್ತಾರೆ. ಗಾಡಿ ಮುಂದಕ್ಕೆ ಸರಿಯುವ ಕ್ಷಣದಲ್ಲಿ ಕಣ್ಣು ಗಾಡಿ ಹೋಗುವ ದಿಕ್ಕಿನಲ್ಲೇ ಇರಬೇಕು. ಹಸಿರು ದೀಪದಲ್ಲಿ ಬಲಕ್ಕೆ ತಿರುಗುವಾಗ ಕಾರಿನ ಮುಂದಿನ ಕಂಬ, ಅಂದರೆ ಗಾಜಿನ ಪಕ್ಕದ ದಪ್ಪ ಚೌಕಟ್ಟು, ಒಬ್ಬ ಮನುಷ್ಯನನ್ನು ಪೂರ್ತಿ ಮುಚ್ಚಬಲ್ಲದು. ತಲೆಯನ್ನು ಸ್ವಲ್ಪ ಮುಂದೆ ಹಿಂದೆ ಆಡಿಸಿ ಅದರ ಆಚೆ ನೋಡಿ. ಫ್ರೀ ಲೆಫ್ಟ್ ಎಂದರೆ ನಿಲ್ಲದೆ ಹೋಗುವ ಹಕ್ಕಲ್ಲ.

ಜಾಮ್, ರಾತ್ರಿ, ಮಳೆ

ಜಾಮ್ ಆದಾಗ ಪಟ್ಟಿಯ ಆಚೆ ನಿಮ್ಮ ಇಡೀ ಗಾಡಿ ಹಿಡಿಸುವಷ್ಟು ಜಾಗ ಕಾಣುವವರೆಗೆ ಈಚೆಯೇ ನಿಲ್ಲಿ. ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳ ಕ್ಯಾಮೆರಾಗಳು ಸ್ಟಾಪ್ ಲೈನ್ ದಾಟಿ ನಿಂತವರ ನಂಬರ್‌ಪ್ಲೇಟನ್ನು ತಾವಾಗಿಯೇ ಹಿಡಿಯುತ್ತವೆ, ನೋಟಿಸ್ ಮೊಬೈಲಿಗೇ ಬರುತ್ತದೆ.

ರಾತ್ರಿ ಎದುರಿನ ಹೈಬೀಮ್ ಕಣ್ಣಿಗೆ ಹೊಡೆದ ಕೆಲವು ಸೆಕೆಂಡು ನೀವು ಕುರುಡರೇ. ಆ ಹೊತ್ತಿನಲ್ಲಿ ಡಿವೈಡರಿನಿಂದ ಇಳಿಯುವವರು ಕಾಣುವುದಿಲ್ಲ, ಆದ್ದರಿಂದ ವೇಗ ಇಳಿಸಿ. ಊರೊಳಗೆ ನಿಮ್ಮದೂ ಲೋಬೀಮ್ ಆಗಿರಲಿ. ಒದ್ದೆಯಾದ ಬಿಳಿ ಪಟ್ಟಿ ಡಾಂಬರಿಗಿಂತ ನುಣುಪು, ಬೈಕು ಅದರ ಮೇಲೆ ವಾಲಿದಾಗ ಬ್ರೇಕ್ ಹಿಡಿದರೆ ಜಾರುವುದು ಖಚಿತ. ಪಟ್ಟಿಗೆ ಬರುವ ಮುನ್ನವೇ ಬ್ರೇಕ್ ಮುಗಿಸಿಬಿಡಿ.

## ಡಿಕ್ಕಿ ಆಗಿಯೇಬಿಟ್ಟರೆ

ಚಾಲಕರು ಓಡಿಹೋಗುವಂತಿಲ್ಲ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೊರಿಸಿದ ಕರ್ತವ್ಯ. ಗುಂಪು ಹೊಡೆಯಬಹುದೆಂಬ ಭಯವಿದ್ದರೆ ಹತ್ತಿರದ ಠಾಣೆಗೆ ಹೋಗಿ, ಆದರೆ ಹೋಗುವ ದಾರಿಯಲ್ಲೇ 108ಕ್ಕೂ 112ಕ್ಕೂ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033.

ನೋಡಿದವರು ಹಿಂಜರಿಯಬೇಕಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 134ಎ ಸೆಕ್ಷನ್, ಸದುದ್ದೇಶದಿಂದ ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸುವುದನ್ನು ತಡೆಯುತ್ತದೆ. ಹೆಸರು ಹೇಳಲೇಬೇಕು, ಸಾಕ್ಷಿಯಾಗಲೇಬೇಕು ಎಂದು ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ, ಆಸ್ಪತ್ರೆಯಲ್ಲಿ ಅದನ್ನು ಹೆಸರಿಸಿ ಕೇಳಿ. ಕತ್ತು, ಬೆನ್ನಿಗೆ ಪೆಟ್ಟಾದಂತೆ ಕಂಡರೆ ಗಾಯಾಳುವನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಇನ್ನೊಂದು ಗಾಡಿ ಬಂದು ಹಾಯದಂತೆ ಹಿಂದೆ ಒಬ್ಬರನ್ನು ನಿಲ್ಲಿಸಿ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಪರಿಹಾರವಿದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಎಫ್‌ಐಆರ್ ಪ್ರತಿಯನ್ನೂ ಆಸ್ಪತ್ರೆಯ ಕಾಗದಗಳನ್ನೂ ಎತ್ತಿಟ್ಟುಕೊಂಡಿರಿ.

## ನಿಮ್ಮ ಬೀದಿಗೆ ಕ್ರಾಸಿಂಗ್ ಬೇಕಿದ್ದರೆ

"ಜೀಬ್ರಾ ಹಾಕಿಸಿಕೊಡಿ" ಎಂದಷ್ಟೇ ಬರೆದ ಅರ್ಜಿಗೆ ಬಣ್ಣ ಮಾತ್ರ ಸಿಗುತ್ತದೆ, ಆರು ತಿಂಗಳಲ್ಲಿ ಅದೂ ಹೋಗುತ್ತದೆ. ಸ್ಥಳೀಯ ಸಂಸ್ಥೆಗೂ ಸಂಚಾರ ಪೊಲೀಸ್ ಠಾಣೆಗೂ ಒಂದೇ ಅರ್ಜಿಯ ಎರಡು ಪ್ರತಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೆಳಿಗ್ಗೆ ಶಾಲೆ ಸಮಯದ ಒಂದು ಗಂಟೆ ನಿಂತು ಎಷ್ಟು ಜನ ದಾಟಿದರು, ಅವರಲ್ಲಿ ಮಕ್ಕಳೆಷ್ಟು, ಹಿರಿಯರೆಷ್ಟು ಎಂದು ಎಣಿಸಿ ಬರೆಯಿರಿ. ಫೋಟೊ ಇರಲಿ. ರಾಜ್ಯ ಅಥವಾ ರಾಷ್ಟ್ರೀಯ ಹೆದ್ದಾರಿಯಾದರೆ ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಲೇ ಇರುತ್ತದೆ.

ಕೇಳಬೇಕಾದದ್ದು ಇಷ್ಟು. ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ ಕ್ರಾಸಿಂಗ್, ಅಂದರೆ ಹಂಪೂ ಪಟ್ಟಿಯೂ ಒಂದೇ ಆಗಿರುವಂಥದ್ದು, ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ನೇರಕ್ಕೆ ಒಂದು ಬೀದಿದೀಪ, ಡಿವೈಡರಿನಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಅಗಲದ ತೆರಪು, ಎರಡೂ ತುದಿಯಲ್ಲಿ ಇಳಿಜಾರು. ಪಟ್ಟಿಯ ಹಿಂದೆ ಮುಂದೆ ಪಾರ್ಕಿಂಗ್ ನಿಷೇಧ, ಬೋರ್ಡನ್ನು ಮುಚ್ಚಿರುವ ಮರದ ಕೊಂಬೆ ಕಡಿಸುವುದು. ಇವುಗಳಲ್ಲಿ ಒಂದನ್ನೇ ಮಾಡಿಕೊಡುತ್ತೇವೆ ಎಂದರೆ ಎತ್ತರಿಸಿದ ಕ್ರಾಸಿಂಗ್ ಕೇಳಿ. ಅದಕ್ಕೆ ದುಡ್ಡಿಲ್ಲ ಎಂದರೆ ಪಾರ್ಕಿಂಗ್ ತೆಗೆಸಿ. ಅದಕ್ಕೆ ಬೇಕಾಗುವುದು ಒಂದು ಬೋರ್ಡು ಮತ್ತು ಒಂದಷ್ಟು ದಿನ ಬಂದು ನಿಲ್ಲುವ ಒಬ್ಬ ಪೊಲೀಸ್ ಪೇದೆ.